ಎತ್ತು, ಹಳಿ ಮತ್ತು ಊರು

ರಾಯಚೂರಿನ ಕೋಟೆಯನ್ನು ನೋಡಲು ಹೋದವರು ಅದರ ಪಶ್ಚಿಮದ ಗೋಡೆಯಲ್ಲಿರುವ ಒಂದು ಕಲ್ಲಿನ ಮುಂದೆ ತಪ್ಪದೆ ನಿಲ್ಲುತ್ತಾರೆ. ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ ಕಟ್ಟಿದ ಈ ಕೋಟೆಯಲ್ಲಿ ಆ ಒಂದೇ ಕಲ್ಲಿನ ಉದ್ದ ೪೧ ಅಡಿಗೂ ಮಿಗಿಲು. ಇಷ್ಟು ಭಾರವಾದ ಬಂಡೆಯನ್ನು ಗಣಿಯಿಂದ ಇಲ್ಲಿಗೆ ತಂದ ಬಗೆ ಹೇಗೆಂಬ ಪ್ರಶ್ನೆ ಯಾರಿಗಾದರೂ ಏಳದಿರದು. ಕಟ್ಟಿದವರು ಉತ್ತರವನ್ನೂ ಕಲ್ಲಿನಲ್ಲಿಯೇ ಕೆತ್ತಿಟ್ಟಿದ್ದಾರೆ. ಕಲ್ಲನ್ನು ಹೊತ್ತ ಗಾಲಿಗಳ ಬಂಡಿ, ಅದರ ಮುಂದೆ ಸಾಲಾಗಿ ಹೂಡಿದ ಕೋಣಗಳ ಜೋಡಿಗಳು, ಗಾಲಿಗೆ ಸನಿಕೆ ಕೊಟ್ಟು ನೂಕುವ ಆಳುಗಳು: ಎಲ್ಲವೂ ಆ ಚಿತ್ರದಲ್ಲಿವೆ.

ಎಳೆಯುವ ವಿದ್ಯೆ ಈ ನಾಡಿನಿಂದ ಇನ್ನೂ ಮರೆಯಾಗಿಲ್ಲ. ಕಾರ ಹುಣ್ಣಿಮೆಯ ದಿನಗಳಲ್ಲಿ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್, ಎರಡು ಟನ್ ತೂಕದ ಕಲ್ಲುಗಳನ್ನು ಎತ್ತುಗಳ ಜೋಡಿಗಳು ನೆಲದ ಮೇಲೆ ಎಳೆಯುತ್ತವೆ. ನೋಡಲು ನೆರೆದ ಜನ ಎತ್ತುಗಳ ಹೆಗಲನ್ನು ನೋಡುತ್ತಾರೆ. ನಾವು ಇಂದು ಕಲ್ಲಿನ ತಳವನ್ನು ನೋಡೋಣ. ಏಕೆಂದರೆ ಆ ತಳಕ್ಕೂ ನೆಲಕ್ಕೂ ನಡುವೆ ಇರುವ ಘರ್ಷಣೆ ಎಂಬ ಸಾಮಾನ್ಯ ಸಂಗತಿಯೇ ರಾಯಚೂರು ನಗರವಾದ ಕಥೆಯನ್ನೂ, ಅದರ ನೆರೆಯ ಮಾನ್ವಿ ದೇವದುರ್ಗಗಳು ಹಾಗಾಗದೆ ಉಳಿದ ಕಥೆಯನ್ನೂ ಬಹುಮಟ್ಟಿಗೆ ಬಿಡಿಸಿ ಹೇಳಬಲ್ಲುದು.

ಎಳೆತದ ಲೆಕ್ಕ

ಒಂದು ವಸ್ತುವನ್ನು ಸಮತಟ್ಟಾದ ನೆಲದ ಮೇಲೆ ಸಾಗಿಸಲು ಅದರ ಪೂರ್ಣ ತೂಕದಷ್ಟು ಬಲ ಬೇಕಾಗುವುದಿಲ್ಲ. ತೂಕದ ಒಂದು ಅಂಶದಷ್ಟು ಸಾಕು. ಆ ಅಂಶ ಎಷ್ಟೆಂಬುದು ಒಂದಕ್ಕೊಂದು ತಾಗುವ ಎರಡು ಮೈಗಳನ್ನು ಅವಲಂಬಿಸಿದೆ. ಕಲ್ಲನ್ನು ನೆಲದ ಮೇಲೆ ಜಾರಿಸುವಾಗ ತೂಕದ ಅರ್ಧದಷ್ಟು ಬಲ ಬೇಕೆಂದು ಹಿಡಿಯೋಣ. ಒಂದೂವರೆ ಟನ್ ಕಲ್ಲಿಗೆ ಸುಮಾರು ೭೫೦ ಕಿಲೋಗ್ರಾಮ್ ತೂಕದಷ್ಟು ಎಳೆತ. ಅಷ್ಟು ಎಳೆತವನ್ನು ಬಲಿಷ್ಠವಾದ ಜೋಡಿಯೂ ಕೆಲವೇ ನಿಮಿಷ ಕೊಡಬಲ್ಲುದು.

ಅದೇ ಕಲ್ಲನ್ನು ಗಾಲಿಯ ಮೇಲಿಟ್ಟರೆ ಜಾರುವಿಕೆ ಹೋಗಿ ಉರುಳುವಿಕೆ ಬರುತ್ತದೆ. ಬೇಕಾಗುವ ಬಲ ಥಟ್ಟನೆ ಇಳಿಯುತ್ತದೆ. ಕಬ್ಬಿಣದ ಪಟ್ಟಿ ಹಾಕಿದ ಗಾಲಿಯು ಗಟ್ಟಿಯಾದ ರಸ್ತೆಯ ಮೇಲೆ ಉರುಳುವಾಗ ಪ್ರತಿ ಟನ್ನಿಗೆ ಸುಮಾರು ೩೦ ಕಿಲೋ ಎಳೆತ ಸಾಕು. ಮಣ್ಣಿನ ಬಂಡಿದಾರಿಯಲ್ಲಿ ಅದು ೮೦ ಕಿಲೋದಷ್ಟಾಗುತ್ತದೆ. ಮಳೆ ಬಿದ್ದ ಎರೆಭೂಮಿಯಲ್ಲಿ ೨೦೦ ಕಿಲೋ ದಾಟಿದರೂ ಆಶ್ಚರ್ಯವಿಲ್ಲ. ಅಲ್ಲಿ ಗಾಲಿ ಉರುಳುವುದಕ್ಕಿಂತ ಹೆಚ್ಚಾಗಿ ನೆಲವನ್ನು ಉಳುತ್ತದೆ. ಆದರೆ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಟನ್ನಿಗೆ ಬೇಕಾಗುವ ಎಳೆತ ಸುಮಾರು ೨ ಕಿಲೋ ಮಾತ್ರ. ಎರಡೂ ಮೈಗಳು ಗಡುಸಾಗಿರುವುದರಿಂದ ಭಾರದ ಅಡಿಯಲ್ಲಿ ಅವು ತಗ್ಗುವುದು ಅತ್ಯಲ್ಪ. ಗಾಲಿಯು ತಾನೇ ತೋಡಿದ ಗುಣಿಯಿಂದ ಪ್ರತಿ ಹೆಜ್ಜೆಗೂ ಮೇಲೆ ಹತ್ತಬೇಕಾದ ಕಷ್ಟ ಅಲ್ಲಿಲ್ಲ.

ಈಗ ಎತ್ತಿನ ಕಡೆಗೆ ಬರೋಣ. ದಿನವಿಡೀ ದುಡಿಯುವ ಎತ್ತು ತನ್ನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಎಳೆಯಬಲ್ಲುದೆಂಬುದು ಒಂದು ಸ್ಥೂಲವಾದ ಲೆಕ್ಕ. ತಲಾ ೪೦೦ ಕಿಲೋ ತೂಗುವ ಎರಡು ಎತ್ತುಗಳು ಕೂಡಿ ೮೦ ಕಿಲೋ ಎಳೆತವನ್ನು ಕೊಟ್ಟಾವು. ಇಷ್ಟೇ ಬಲದಿಂದ ಅವು ಗಟ್ಟಿ ರಸ್ತೆಯಲ್ಲಿ ಎರಡೂವರೆ ಟನ್ನಿಗೂ ಹೆಚ್ಚು, ಮಣ್ಣಿನ ದಾರಿಯಲ್ಲಿ ಒಂದು ಟನ್, ತೊಯ್ದ ಎರೆಯಲ್ಲಿ ೪೦೦ ಕಿಲೋ ಮಾತ್ರ ಸಾಗಿಸಬಲ್ಲವು. ಬಂಡಿಯ ತೂಕವೇ ಸುಮಾರು ಅಷ್ಟಿರುವುದರಿಂದ ಮಳೆಗಾಲದಲ್ಲಿ ಬಂಡಿ ತನ್ನನ್ನು ತಾನು ಒಯ್ದರೆ ಅದೇ ಹೆಚ್ಚು. ಹಳಿಯ ಮೇಲಾದರೆ? ಅದೇ ಎತ್ತುಗಳು, ಅದೇ ನೊಗ, ಅದೇ ೮೦ ಕಿಲೋ ಎಳೆತ. ಆದರೆ ಚಲಿಸುತ್ತಿರುವ ಭಾರ ೪೦ ಟನ್! ಒಂದೂವರೆ ಟನ್ನಿನ ಹಬ್ಬದ ಕಲ್ಲನ್ನು ಹಳಿಯ ಮೇಲಿನ ತೊಟ್ಟಿಯಲ್ಲಿಟ್ಟರೆ ಒಮ್ಮೆ ಹೊರಟ ಮೇಲೆ ಶಾಲೆಯ ಹುಡುಗನೊಬ್ಬನು ಅದನ್ನು ನೂಕಿಕೊಂಡು ಹೋಗಬಹುದು.

ರೈಲುಮಾರ್ಗದ ಮಹಿಮೆಯು ಉಗಿಯಂತ್ರದಿಂದ ಬಂದಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದರ ಬಹುಪಾಲು ಹಳಿಯಿಂದಲೇ ಬಂದಿತೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ತನ್ನ ಸರಕನ್ನು ತಾನೇ ತಿನ್ನುವ ಬಂಡಿ

ಹಳಿ ಬರುವ ಮುನ್ನ ದೂರದ ವ್ಯಾಪಾರ ಹೇಗಿತ್ತು? ರಾಯಚೂರಿನಿಂದ ಮುಂಬಯಿಗೆ ರೈಲಿನ ದಾರಿ ಸುಮಾರು ೭೦೦ ಕಿಲೋಮೀಟರ್. ದಿನಕ್ಕೆ ೨೪ ಕಿಲೋಮೀಟರ್ ನಡೆದರೆ ಬಂಡಿಗೆ ಒಂದು ತಿಂಗಳ ಪಯಣ. ಒಂದು ಎತ್ತಿಗೆ ದಿನಕ್ಕೆ ೧೦ ಕಿಲೋ ಒಣಮೇವೆಂದು ಹಿಡಿದರೆ ಜೋಡಿಗೆ ತಿಂಗಳಿಗೆ ೬೦೦ ಕಿಲೋ. ಬಂಡಿ ಹೊರುವ ಸರಕೂ ಆರು-ಏಳು ನೂರು ಕಿಲೋ ಮಾತ್ರ! ಮೇವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಟರೆ ಬಂಡಿಯಲ್ಲಿ ಹತ್ತಿಗೆ ಜಾಗವೇ ಉಳಿಯದು. ದಾರಿಯಲ್ಲಿ ಕೊಂಡರೆ ಲಾಭವೆಲ್ಲ ಕಣಿಕೆಯ ಬೆಲೆಗೆ ಸಂದೀತು.

ಈ ಗಂಟನ್ನು ಶತಮಾನಗಳ ಕಾಲ ಬಿಡಿಸಿದವರು ಲಂಬಾಣಿಗಳು. ಅವರು ಬಂಡಿಯನ್ನು ಹೂಡದೆ ಎತ್ತಿನ ಬೆನ್ನಿನ ಮೇಲೆಯೇ ಹೇರು ಹಾಕಿ, ಸಾವಿರಾರು ಎತ್ತುಗಳ ಹಿಂಡನ್ನು ದಾರಿಯ ಬಯಲುಗಳಲ್ಲಿ ಮೇಯಿಸುತ್ತ, ಧಾನ್ಯವನ್ನೂ ಉಪ್ಪನ್ನೂ ನಾಡಿನಿಂದ ನಾಡಿಗೆ ಒಯ್ದರು. ಸೈನ್ಯಗಳಿಗೆ ಕಾಳು ಒದಗಿಸಿದವರೂ ಅವರೇ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಅವರ ಇಂಧನ ದಾರಿಯಲ್ಲಿಯೇ ಬೆಳೆಯುತ್ತಿತ್ತು. ಅದಕ್ಕೆ ಕೊಟ್ಟ ಬೆಲೆ ನಿಧಾನ. ಮೇಯುವ ಹಿಂಡು ಅವಸರದಲ್ಲಿ ನಡೆಯದು.

ಹುಲ್ಲಿನ ಬಯಲಿನಲ್ಲಿ ಒಂದು ನಗರ

ಹುಲ್ಲನ್ನೇ ಇಂಧನವಾಗಿ ಮಾಡಿಕೊಂಡು ದನಗಳನ್ನು ನಡೆಸಿದ ಇನ್ನೊಂದು ನಾಡು ಅಮೆರಿಕದ ಪಶ್ಚಿಮ ಭಾಗ. ರೈಲು ಮತ್ತು ದನ ಇವೆರಡೂ ಕೂಡಿ ಒಂದು ಊರನ್ನು ಹೇಗೆ ಬೆಳೆಸುತ್ತವೆಂಬುದಕ್ಕೆ ಅಲ್ಲಿನ ಡೆನ್ವರ್ ನಗರವು ಒಳ್ಳೆಯ ನಿದರ್ಶನವಾದುದರಿಂದ ಒಂದು ಗಳಿಗೆ ಅತ್ತ ಹೋಗಿ ಬರೋಣ.

ಡೆನ್ವರ್ ಹುಟ್ಟಿದುದು ೧೮೫೮ರಲ್ಲಿ. ಪೂರ್ವಕ್ಕೆ ಹುಲ್ಲಿನ ಮಹಾಬಯಲು, ಪಶ್ಚಿಮಕ್ಕೆ ರಾಕಿ ಪರ್ವತಗಳ ಗೋಡೆ. ೧೮೬೯ರಲ್ಲಿ ಮುಗಿದ ಖಂಡದಗಲದ ರೈಲುಮಾರ್ಗವು ಈ ಊರನ್ನು ಬಿಟ್ಟು ಉತ್ತರದ ಷಯೆನ್ ಎಂಬ ಊರಿನ ಮೂಲಕ ಹಾದುಹೋಯಿತು. ಕಾರಣ ಮತ್ತೆ ನಮ್ಮ ಲೆಕ್ಕವೇ. ಸಮತಟ್ಟಾದ ಹಳಿಯಲ್ಲಿ ಟನ್ನಿಗೆ ೨ ಕಿಲೋ ಎಳೆತ ಸಾಕಾದರೂ, ಏರುವಾಗ ಭಾರವನ್ನು ಮೇಲೆತ್ತುವ ಕೆಲಸವೂ ಕೂಡುತ್ತದೆ. ಮುಂಬಯಿ-ಪುಣೆಗಳ ನಡುವಿನ ಭೋರ್ ಘಾಟಿನಲ್ಲಿ, ೧೮೬೩ರಲ್ಲಿ ತೆರೆದ ಮಾರ್ಗವು ೩೭ ಅಡಿಗೆ ಒಂದು ಅಡಿಯಂತೆ ಏರುತ್ತಿತ್ತು. ಅಂಥ ಏರಿನಲ್ಲಿ ಟನ್ನಿಗೆ ೨೭ ಕಿಲೋ ಎಳೆತ ಹೆಚ್ಚಾಗಿ ಬೇಕು. ಹಳಿಯು ಬಂಡಿಯ ರಸ್ತೆಗೆ ಸಮನಾಗಿ ಬಿಡುತ್ತದೆ. ಆದಕಾರಣ ರೈಲು ಕಟ್ಟುವವರು ಬೆಟ್ಟವನ್ನು ಕಂಡರೆ ಸುತ್ತಿ ಹೋಗುವುದು ಸಹಜ.

ಡೆನ್ವರಿನ ಜನ ಸುಮ್ಮನೆ ಕೂಡಲಿಲ್ಲ. ತಾವೇ ಹಣ ಕೂಡಿಸಿ ಷಯೆನ್‌ವರೆಗೆ ೧೦೬ ಮೈಲಿ ಹಳಿ ಹಾಕಿಸಿದರು. ೧೮೭೦ರ ಜೂನ್ ತಿಂಗಳಲ್ಲಿ ಮೊದಲ ರೈಲು ಬಂದಿತು. ಆ ವರ್ಷ ಊರಿನ ಜನಸಂಖ್ಯೆ ೪,೭೫೯. ಹತ್ತು ವರ್ಷದ ಮೇಲೆ ೩೫,೬೨೯. ಇಪ್ಪತ್ತು ವರ್ಷದ ಮೇಲೆ ೧,೦೬,೭೧೩. ಬೆಳ್ಳಿಯ ಗಣಿಗಳೂ ಈ ಬೆಳವಣಿಗೆಗೆ ನೆರವಾದವು. ೧೮೮೬ರಲ್ಲಿ ದೊಡ್ಡ ದನದ ದೊಡ್ಡಿಗಳು ಅಲ್ಲಿ ನೆಲೆಗೊಂಡವು. ಬಯಲಿನಲ್ಲಿ ಮೇಯ್ದ ದನ ತನ್ನ ಕಾಲಿನಿಂದಲೇ ಹಳಿಯವರೆಗೆ ನಡೆದು ಬಂದು, ಅಲ್ಲಿಂದ ವ್ಯಾಗನ್ ಏರಿ ಪೂರ್ವದ ಕಸಾಯಿಖಾನೆಗಳಿಗೆ ಹೋಗುತ್ತಿತ್ತು.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಡೆನ್ವರಿನಲ್ಲಿ ದನವೇ ಸರಕು. ರಾಯಚೂರಿನಲ್ಲಿ ದನ ಸರಕಲ್ಲ, ಎಂಜಿನ್ನು. ಅಲ್ಲಿ ದನ ಹಳಿಯನ್ನು ಮುಟ್ಟಿದ ಮೇಲೆ ವ್ಯಾಗನ್ ಹತ್ತುತ್ತಿತ್ತು. ಇಲ್ಲಿ ಹೇರನ್ನು ಹಳಿಗೆ ಮುಟ್ಟಿಸಿ ಹಿಂದಿರುಗುತ್ತಿತ್ತು. ಆದರೆ ಎರಡೂ ಕಡೆ ಊರು ಬೆಳೆದ ಜಾಗ ಒಂದೇ ಬಗೆಯದು: ಹೆಚ್ಚು ತಡೆಯ ದಾರಿ ಮುಗಿದು ಕಡಿಮೆ ತಡೆಯ ದಾರಿ ತೊಡಗುವ ಜಾಗ.

ಎರಡು ಹಳಿಗಳು ಕೂಡಿದ ವರ್ಷ

ಡೆನ್ವರಿಗೆ ರೈಲು ಬಂದ ಮರುವರ್ಷ, ೧೮೭೧ರಲ್ಲಿ, ರಾಯಚೂರು ಹಳಿಯ ಊರಾಯಿತು. ಮುಂಬಯಿಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗವು ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾದು, ಕೃಷ್ಣೆಯನ್ನು ದಾಟಿ ಇಲ್ಲಿಗೆ ಬಂದಿತು. ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯ ಮಾರ್ಗವು ಗುಂತಕಲ್ಲನ್ನು ಹಾದು, ತುಂಗಭದ್ರೆಯನ್ನು ದಾಟಿ ಇಲ್ಲಿಗೇ ಬಂದಿತು. ಎರಡು ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ ಎರಡು ಕಡಲ ತೀರಗಳು ಕೈಕೂಡಿಸಿದವು. ಘಾಟಿಯನ್ನು ಒಮ್ಮೆ ಹತ್ತಿದ ಮೇಲೆ ಮುಂಬಯಿಯ ಮಾರ್ಗಕ್ಕೆ ದೊಡ್ಡ ಏರುಗಳಿಲ್ಲ. ಭೀಮೆಯ ಕೊಳ್ಳದ ಇಳಿಜಾರನ್ನು ಹಿಡಿದು, ಪುಣೆಯ ಸುಮಾರು ೫೬೦ ಮೀಟರ್ ಎತ್ತರದಿಂದ ರಾಯಚೂರಿನ ೪೦೦ ಮೀಟರಿಗೆ ಅದು ನಿಧಾನವಾಗಿ ಇಳಿದು ಬರುತ್ತದೆ.

ಅಂದು ಈ ಮಾರ್ಗವನ್ನು ಬಯಸಿದವರಲ್ಲಿ ಇಂಗ್ಲೆಂಡಿನ ಬಟ್ಟೆಯ ಗಿರಣಿಗಳವರು ಮುಖ್ಯರು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತುಹೋಗಿ, ದಕ್ಕಣದ ಎರೆಭೂಮಿಯ ಹತ್ತಿಗೆ ಬೆಲೆ ಬಂದಿತ್ತು. ಹತ್ತಿ ಹಗುರವಾದರೂ ಹಿಗ್ಗಿದ ಸರಕು. ಬಂಡಿ ತೂಕದಿಂದ ತುಂಬುವ ಮೊದಲೇ ಗಾತ್ರದಿಂದ ತುಂಬುತ್ತದೆ. ಆದುದರಿಂದ ಬೀಜ ಬಿಡಿಸುವ, ಅರಳೆಯನ್ನು ಒತ್ತಿ ಗಟ್ಟಿ ಮೂಟೆ ಕಟ್ಟುವ ಕಾರ್ಖಾನೆಗಳು ಹಳಿಯ ಮಗ್ಗುಲಲ್ಲಿಯೇ ಏಳಬೇಕಾಯಿತು. ಮುಂದೆ ಶೇಂಗಾ ಎಣ್ಣೆಯ ಗಿರಣಿಗಳು ಬಂದವು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಭತ್ತದ ಗಿರಣಿಗಳು ಬಂದವು. ಕೋಟೆಯ ಊರು ನಿಲ್ದಾಣದ ಊರಾಯಿತು, ಗಂಜಿನ ಊರಾಯಿತು. ೨೦೧೧ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಎರಡು ಲಕ್ಷ ಮೂವತ್ತು ಸಾವಿರವನ್ನು ಮೀರಿತ್ತು.

ಹಳಿ ಒಬ್ಬರನ್ನು ಎತ್ತುವಾಗ ಇನ್ನೊಬ್ಬರನ್ನು ಇಳಿಸಿತೆಂಬುದನ್ನೂ ಹೇಳಬೇಕು. ಲಂಬಾಣಿಗಳ ಹೇರೆತ್ತುಗಳಿಗೆ ದೂರದ ದಾರಿಯಲ್ಲಿ ಕೆಲಸ ತಪ್ಪಿತು. ಟನ್ನಿಗೆ ೨ ಕಿಲೋ ಎಳೆತದೊಡನೆ ಯಾವ ಹಿಂಡು ಸ್ಪರ್ಧಿಸೀತು? ರಾಯಚೂರಿಗೆ ಹಳಿ ಬಂದ ೧೮೭೧ರಲ್ಲಿಯೇ ಬ್ರಿಟಿಷ್ ಸರಕಾರವು ಕೆಲವು ಅಲೆಮಾರಿ ಜನರನ್ನು ಹುಟ್ಟು ಅಪರಾಧಿಗಳೆಂದು ಎಣಿಸುವ ಕಾನೂನನ್ನು ಮಾಡಿತು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಆ ಕಾನೂನಿನ ಪಟ್ಟಿಗೆ ಮುಂದೆ ಕೆಲವು ಪ್ರಾಂತಗಳಲ್ಲಿ ಲಂಬಾಣಿಗಳ ಹೆಸರೂ ಸೇರಿತು. ಸ್ವತಂತ್ರ ಭಾರತವು ೧೯೫೨ರಲ್ಲಿ ಅದನ್ನು ತೆಗೆದುಹಾಕಿತು. ಕೆಲಸವನ್ನು ಕಳೆದುಕೊಂಡವರಿಗೆ ಕಳ್ಳರೆಂಬ ಹೆಸರು ಕಟ್ಟಿದ ಈ ಅಧ್ಯಾಯವು ಯಂತ್ರಯುಗದ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆಗೆ ಬರೆಯತಕ್ಕದ್ದು.

ಕೊನೆಯ ಹರದಾರಿಗಳು

ಇಷ್ಟಾಗಿಯೂ ಎತ್ತಿನ ಬೆಲೆ ಇಳಿಯಲಿಲ್ಲ. ಅದರ ದಾರಿ ಮಾತ್ರ ಗಿಡ್ಡವಾಯಿತು. ಮುಂಬಯಿಯವರೆಗೆ ಹೋಗಬೇಕಾದ ಬಂಡಿ ಈಗ ನಿಲ್ದಾಣದವರೆಗೆ ಹೋದರೆ ಸಾಕು. ಆದರೆ ಹಾಗೆ ಹೋಗುವ ಬಂಡಿಗಳ ಸಂಖ್ಯೆ ಹೆಚ್ಚಿತು. ದಿನಕ್ಕೆ ೨೪ ಕಿಲೋಮೀಟರ್ ನಡೆಯುವ ಬಂಡಿಗೆ, ಹೋಗಿ ಬರಲು ಎರಡು ಮೂರು ದಿನಗಳ ದಾರಿ ಲಾಭದ ದಾರಿ. ಅದಕ್ಕೂ ಆಚೆಯ ಹಳ್ಳಿಗೆ ನಿಲ್ದಾಣವಿದ್ದೂ ಇಲ್ಲದಂತೆ. ಮಾನ್ವಿ, ದೇವದುರ್ಗಗಳ ಹಲವು ಹಳ್ಳಿಗಳು ಈ ಗೆರೆಯ ಮೇಲೆ ಅಥವಾ ಆಚೆಗೆ ಉಳಿದವು. ಎರೆಭೂಮಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಆ ಗೆರೆ ಇನ್ನೂ ಊರ ಹತ್ತಿರಕ್ಕೆ ಸರಿಯುತ್ತಿತ್ತು. ಇಂಥ ನೆಲಕ್ಕೆಂದೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೃಷ್ಣಾ ತೀರದ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಸೀಮೆಯ ತಳಿಗಳನ್ನು ಬೆರೆಸಿ ‘ಕೃಷ್ಣಾ ಕಣಿವೆ’ ಎಂಬ ದೊಡ್ಡ ಮೈಕಟ್ಟಿನ ಎತ್ತಿನ ತಳಿಯನ್ನು ಬೆಳೆಸಿದರು. ಟ್ರಾಕ್ಟರು ಬಂದ ಮೇಲೆ ಆ ತಳಿ ವಿರಳವಾಗಿದೆ.

ನಿಲ್ದಾಣದವರೆಗಿನ ಈ ಕೊನೆಯ ಹರದಾರಿಗಳ ಮಹತ್ವ ಕಂಡುಬಂದುದು ಬರಗಾಲದಲ್ಲಿ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮ ಬಂದಾಗ ಹಳಿಗೆ ಇನ್ನೂ ಐದಾರು ವರ್ಷ ವಯಸ್ಸು. ದೂರದ ಧಾನ್ಯವನ್ನು ದಿನಗಳಲ್ಲಿ ತಂದು ಹಾಕುವ ಸಾಮರ್ಥ್ಯ ರೈಲಿಗಿತ್ತು. ಆದರೆ ರೈಲು ತರುವುದು ನಿಲ್ದಾಣದವರೆಗೆ. ಅಲ್ಲಿಂದ ಹಳ್ಳಿಗೆ ಒಯ್ಯಬೇಕಾದುದು ಎತ್ತು. ಬರದಲ್ಲಿ ಮನುಷ್ಯನಿಗಿಂತ ಮೊದಲು ಸಾಯುವುದೂ ಎತ್ತೇ. ಮೇವಿಲ್ಲದೆ ದನಗಳು ಲೆಕ್ಕವಿಲ್ಲದಷ್ಟು ಅಳಿದವು. ಕಾಳು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ದುಃಖದ ಜೊತೆಗೆ, ಕಾಳು ಬಂದಲ್ಲಿಂದ ಹಸಿದವರಿದ್ದಲ್ಲಿಗೆ ಎಳೆಯುವ ಕಾಲುಗಳಿಲ್ಲದ ದುಃಖವೂ ಸೇರಿತು. ಉಕ್ಕಿನ ಹಳಿಯ ಮೇಲೆ ನೂರು ಹರದಾರಿ ಸಾಗಿದ ಮೂಟೆಗೆ ಎರೆಮಣ್ಣಿನ ಹತ್ತು ಹರದಾರಿಯೇ ದೂರವಾಯಿತು.

ದೇವಸುಗೂರಿನಲ್ಲಿ ಅದೇ ನಿಯಮ

ಈ ನಿಯಮದ ಹೊಸ ರೂಪವನ್ನು ನೋಡಬೇಕಾದರೆ ರಾಯಚೂರಿನಿಂದ ಉತ್ತರಕ್ಕೆ ಹಳಿಯ ಜೊತೆಗೆ ಹೊರಟು ಕೃಷ್ಣೆಯ ದಡದ ದೇವಸುಗೂರಿಗೆ ಹೋಗಬೇಕು. ಸೂಗೂರೇಶ್ವರನ ಗುಡಿಯಿಂದ ಹೆಸರಾದ ಈ ಊರಿನ ಬಳಿಯೇ ಶಕ್ತಿನಗರ. ಅಲ್ಲಿನ ಶಾಖ ವಿದ್ಯುತ್ ಕೇಂದ್ರದ ಮೊದಲ ಘಟಕ ೧೯೮೫ರಲ್ಲಿ ನಡೆಯತೊಡಗಿತು. ಎಂಟನೆಯದು ೨೦೧೦ರಲ್ಲಿ ಬಂದು ಒಟ್ಟು ಸಾಮರ್ಥ್ಯ ೧,೭೨೦ ಮೆಗಾವ್ಯಾಟ್ ಆಯಿತು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಒಂದೂ ಇಲ್ಲ. ಹಾಗಿದ್ದರೂ ಕೇಂದ್ರ ಇಲ್ಲೇಕೆ? ಕಲ್ಲಿದ್ದಲನ್ನು ತರಲು ಹಳಿ ಬೇಕು. ಉಗಿಯನ್ನು ಮತ್ತೆ ನೀರಾಗಿಸಲು ನದಿ ಬೇಕು. ಸುಟ್ಟ ಇದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದನ್ನು ಹೊರಗೆ ಹಾಕಲೇಬೇಕು. ಹಳಿಯೂ ನದಿಯೂ ಒಂದನ್ನೊಂದು ಮುಟ್ಟುವ ಜಾಗ ೧೮೭೧ರಲ್ಲಿಯೇ ಇಲ್ಲಿ ಸಿದ್ಧವಾಗಿತ್ತು.

ಒಂದು ಯೂನಿಟ್ ವಿದ್ಯುತ್ತಿಗೆ ೭೦೦ ಗ್ರಾಮ್ ಕಲ್ಲಿದ್ದಲೆಂದು ಹಿಡಿದರೆ, ಎಲ್ಲ ಘಟಕಗಳೂ ಪೂರ್ಣ ಸಾಮರ್ಥ್ಯದಿಂದ ಒಂದು ದಿನ ನಡೆಯಲು ಸುಮಾರು ೨೯,೦೦೦ ಟನ್ ಬೇಕು. ಒಂದು ಸರಕುರೈಲು ಸುಮಾರು ೪,೦೦೦ ಟನ್ ತರುತ್ತದೆ. ಏಳೆಂಟು ರೈಲುಗಳು ಸಾಕು. ಅದನ್ನೇ ಬಂಡಿಗಳಲ್ಲಿ ತರುವುದಾದರೆ ದಿನಕ್ಕೆ ನಾಲ್ವತ್ತು ಸಾವಿರಕ್ಕೂ ಹೆಚ್ಚು ಬಂಡಿಗಳು ಬೇಕಾದಾವು.

ಅಮೆರಿಕದ ದನದ ರೈಲುಗಳಿಗೆ ಒಂದು ದೋಷವಿತ್ತು. ಜೀವಂತ ದನದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಮಾಂಸ. ಮಿಕ್ಕ ಚರ್ಮ, ಎಲುಬು, ಕರುಳುಗಳಿಗೂ ರೈಲಿನ ಬಾಡಿಗೆ ತೆರಬೇಕಾಗಿತ್ತು. ೧೮೭೦ರ ದಶಕದ ಕೊನೆಗೆ ಮಂಜುಗಡ್ಡೆಯ ವ್ಯಾಗನ್ನುಗಳು ಬಂದು, ದನದ ಬದಲು ಮಾಂಸವನ್ನೇ ಕಳಿಸುವಂತಾಯಿತು. ನಮ್ಮ ಕಲ್ಲಿದ್ದಲಿಗೂ ಅಂಥದೇ ದೋಷವಿದೆ. ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಬೂದಿ. ಹಳಿಯ ತಡೆ ಅತ್ಯಲ್ಪವಾದುದರಿಂದಲೇ ಬೂದಿಯನ್ನೂ ನೂರಾರು ಕಿಲೋಮೀಟರ್ ಹೊತ್ತು ತರುವುದು ನಮಗೆ ಸುಲಭವಾಗಿದೆ. ವಿದ್ಯುತ್ತು ತಂತಿಯ ಮೇಲೆ ದೂರದ ಊರುಗಳಿಗೆ ಹೊರಟುಹೋಗುತ್ತದೆ. ಬೂದಿ ಕೃಷ್ಣೆಯ ದಡದಲ್ಲಿ ಉಳಿಯುತ್ತದೆ. ಅದರಲ್ಲೊಂದು ಪಾಲು ಸಿಮೆಂಟಿಗೂ ಇಟ್ಟಿಗೆಗೂ ಸಲ್ಲುತ್ತದೆ. ಉಳಿದುದರ ಜೊತೆಗೆ ದಡದ ಹಳ್ಳಿಗಳು ಬಾಳಬೇಕು. ಸಾಗಣೆ ಅಗ್ಗವಾದಾಗ ಏನನ್ನು ಸಾಗಿಸುತ್ತಿದ್ದೇವೆಂಬ ಎಚ್ಚರ ತಪ್ಪುವುದು ಸುಲಭ.

ಮುಂದಿನ ಹಳಿ

ಮಾನ್ವಿಯ ಕಡೆಗೆ ಹಳಿ ತರುವ ಮುನಿರಾಬಾದ್-ಮಹಬೂಬನಗರ ಮಾರ್ಗಕ್ಕೆ ೧೯೯೭-೯೮ರಲ್ಲಿ ಮಂಜೂರಾತಿ ದೊರೆಯಿತು. ಅದರ ಪೂರ್ವದ ಭಾಗ ೨೦೨೩ರಲ್ಲಿ ಕೃಷ್ಣೆಯ ಉತ್ತರ ದಡದ ಕೃಷ್ಣಾ ನಿಲ್ದಾಣವನ್ನು ಸೇರಿತು. ಪಶ್ಚಿಮದ ಭಾಗ ೨೦೨೪ರಲ್ಲಿ ಸಿಂಧನೂರನ್ನು ಮುಟ್ಟಿತು. ಸಿಂಧನೂರಿನಿಂದ ರಾಯಚೂರಿಗೆ ಬರುವ ದಾರಿಯಲ್ಲಿಯೇ ಮಾನ್ವಿ ಇದೆ. ರಾಯಚೂರಿನ ಹಳಿಗೂ ಮಾನ್ವಿಯ ಹಳಿಗೂ ನಡುವೆ ಒಂದೂವರೆ ಶತಮಾನದ ಅಂತರ. ಬಂಡಿಯ ದಾರಿಯಾದರೋ ಎರಡು ದಿನದ್ದು.

ಹಳಿ ಬಂದಲ್ಲಿ ಊರು ಬೆಳೆಯುತ್ತದೆಂದು ಹೇಳುವುದು ವಾಡಿಕೆ. ನಮ್ಮ ಲೆಕ್ಕ ಅದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ಟನ್ನಿಗೆ ೨ ಕಿಲೋ ಎಳೆತದ ಹಳಿಯನ್ನು ಟನ್ನಿಗೆ ೩೦ ಕಿಲೋ ಎಳೆತದ ರಸ್ತೆಯ ತುದಿಗೆ ತಂದು ಮುಟ್ಟಿಸಿದರೆ ಸುತ್ತಣ ಹಳ್ಳಿಗಳೆಲ್ಲ ಬೆಳೆಯುತ್ತವೆ. ಅದನ್ನೇ ೨೦೦ ಕಿಲೋ ಎಳೆತದ ಕೆಸರಿನ ತುದಿಗೆ ಮುಟ್ಟಿಸಿದರೆ ನಿಲ್ದಾಣದ ಊರೊಂದೇ ಬೆಳೆಯುತ್ತದೆ. ಇಂದು ಎತ್ತಿನ ಬದಲು ಟ್ರಾಕ್ಟರು ಬಂದಿರಬಹುದು, ಎರೆಮಣ್ಣು ಬದಲಾಗಿಲ್ಲ.

ಮುಂದಿನ ಕಾರ ಹುಣ್ಣಿಮೆಗೆ ರಾಯಚೂರಿಗೆ ಹೋದವರು ಕಲ್ಲನ್ನೆಳೆಯುವ ಎತ್ತುಗಳಿಗೆ ಮನಸಾರೆ ಚಪ್ಪಾಳೆ ತಟ್ಟಲಿ. ಬಳಿಕ ಒಂದಿಷ್ಟು ನಡೆದು ನಿಲ್ದಾಣಕ್ಕೆ ಹೋಗಿ, ಅಂಥ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳಷ್ಟು ತೂಕದ ಸರಕುರೈಲು ಸದ್ದಿಲ್ಲದೆ ಜಾರಿಹೋಗುವುದನ್ನು ನೋಡಲಿ. ಕಲ್ಲಿಗೂ ರೈಲಿಗೂ ಇರುವ ಅಂತರವನ್ನು ಅಳಿಸಿದ ಬುದ್ಧಿಯೇ, ಹೊಲಕ್ಕೂ ನಿಲ್ದಾಣಕ್ಕೂ ಇರುವ ಅಂತರವನ್ನು ಅಳಿಸಲು ಸಾಲದೆ ಹೋಗುವುದಿಲ್ಲ.